ಛಾಯಾಸಂಸ್ಕಾರ ಮೀಮಾಂಸೆ: ಖೂಬಾ ಪ್ಲಾಟ್ ಸಂಪ್ರದಾಯದ ಒಂದು ಅಧ್ಯಯನ

ಶಾಸ್ತ್ರಗ್ರಂಥಕ್ಕೆ ಕೈ ಹಾಕುವವನು ಮೊದಲು ನಾಲ್ಕು ಸಂಗತಿ ಒಪ್ಪಿಸಬೇಕೆಂದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇದಕ್ಕೆ ಅನುಬಂಧ ಚತುಷ್ಟಯ ಎಂದು ಹೆಸರು. ಪ್ರಸ್ತುತ ಗ್ರಂಥದ ವಿಷಯ, ಡಿಜಿಟಲ್ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ತಿದ್ದುವ ವಿದ್ಯೆ. ಪ್ರಯೋಜನ, ಎಂಟು ಪಾಸ್‌ಪೋರ್ಟ್ ಸೈಜ್ ಪ್ರತಿ. ಸಂಬಂಧ, ಫೋಟೋ ನೋಡಿದ ಮೇಲೆ ಕೂಡಿಬರಬೇಕಾದದ್ದು. ಆ ಕಡೆಯವರು ಇನ್ನೂ ಏನೂ ಹೇಳಿಕಳಿಸಿಲ್ಲ. ಅಧಿಕಾರಿ ಎಂದರೆ ಅರ್ಜಿಯ ಮೂಲೆಗೆ ಅಂಟಿಸಿದ ಫೋಟೋವನ್ನೂ ಎದುರಿಗೆ ನಿಂತವನನ್ನೂ ಎರಡು ಸಲ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಮೂರನೆಯ ಸಲ ನೋಡುವವರು.

ಕ್ಷೇತ್ರ, ಕಲಬುರಗಿ ನಗರದ ಖೂಬಾ ಪ್ಲಾಟ್. ಈ ಹೆಸರಿನ ನಿಷ್ಪತ್ತಿಯನ್ನು ಮೊದಲು ಇತ್ಯರ್ಥ ಮಾಡಬೇಕು. ಖೂಬಾ ಎಂಬುದು ನಮ್ಮ ಭಾಗದ ಒಂದು ಮನೆತನದ ಹೆಸರು, ಜಾಗದ ಹೆಸರೂ ಹಾಗೇ ಬಂದಿರಬೇಕು ಎಂಬ ಸರಳ ವಾದವೊಂದು ಉಂಟು. ಸರಳವಾಗಿರುವುದೇ ಅದರ ದೋಷ. ಅದನ್ನು ಒಪ್ಪಿದರೆ ಈ ಅಧ್ಯಾಯ ಇಲ್ಲಿಗೇ ಮುಗಿಯುತ್ತದೆ, ಮುಗಿದರೆ ಪುಟ ತುಂಬುವುದಿಲ್ಲ. ಫಾರಸಿಯಲ್ಲಿ ‘ಖೂಬ್’ ಎಂದರೆ ಚಂದ, ‘ಖೂಬಾನ್’ ಎಂದರೆ ಚೆಲುವರು. ಬಹುವಚನದ ಅನುನಾಸಿಕ ನಮ್ಮೂರ ಧೂಳಿಗೆ ಉದುರಿಹೋಗಿ ‘ಖೂಬಾ’ ಉಳಿಯಿತೆಂದು ನಾವು ಸಾಧಿಸುತ್ತೇವೆ. ಇನ್ನು ‘ಪ್ಲಾಟ್’ ಎಂದರೆ ಕಥೆಯ ಹಂದರವೂ ಹೌದು, ಒಳಸಂಚೂ ಹೌದು, ಮೂವತ್ತು-ನಲವತ್ತರ ಸೈಟೂ ಹೌದು. ಫೋಟೋ ತಿದ್ದುವುದಕ್ಕೆ ಮೂರೂ ಬೇಕು. ಆದ್ದರಿಂದ ಖೂಬಾ ಪ್ಲಾಟ್ ಎಂದರೆ ಚೆಲುವರನ್ನು ಹೆಣೆಯುವ ಜಾಗ ಎಂದಾಯಿತು. ಮನೆತನದವರು ಕ್ಷಮಿಸಬೇಕು.

ಸಂಶೋಧನಾ ವಿಧಾನದ ಬಗ್ಗೆ ಎರಡು ಮಾತು. ಇಲ್ಲಿಯ ಒಂದು ಸ್ಟುಡಿಯೋದ ಬೆಂಚಿನ ಮೇಲೆ ಈ ಲೇಖಕ ಮೂರು ದಿನ ಕೂತು ಮಾಡಿದ ಕ್ಷೇತ್ರಕಾರ್ಯವೇ ಈ ಗ್ರಂಥಕ್ಕೆ ಆಧಾರ. ತೀರಿಕೊಂಡ ನಮ್ಮ ಮುತ್ಯಾನ ಫೋಟೋ ದೊಡ್ಡದು ಮಾಡಿಸಲು ಕೊಟ್ಟಿದ್ದೆ. ಅದು ‘ನಾಳಿ ಬರ್ರಿ’ ಎಂದು ಮೂರು ಸಲ ಮುಂದಕ್ಕೆ ಹೋಯಿತು. ಅಂಗಡಿಯ ಹೆಸರನ್ನು ಸಂಶೋಧನಾ ನೀತಿಯ ಕಾರಣದಿಂದ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಉದ್ರಿ ಸಿಗಲಿಕ್ಕಿಲ್ಲ. ಜಾನಪದ ವಿದ್ವಾಂಸರು ‘ವಕ್ತೃ’ ಎಂದೂ ನಾವು ‘ತಮ್ಮಾ’ ಎಂದೂ ಕರೆಯುವ ಆ ಹುಡುಗ, ಮೌಸ್ ಹಿಡಿದ ಕೈ ಬಿಡದೆ, ಚಹಾ ಕಪ್ಪನ್ನು ಎಡಗೈಯಲ್ಲೇ ನಿಭಾಯಿಸುತ್ತ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

ಪ್ರಾಚೀನತೆಯ ವಿಚಾರ

ಫೋಟೋ ತಿದ್ದುವ ವಿದ್ಯೆ ಅಮೆರಿಕದಿಂದ ಬಂತೆಂಬುದು ಪೂರ್ವಪಕ್ಷ. ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು 1987ರ ಸುಮಾರಿಗೆ ಬರೆಯತೊಡಗಿದ ಸಾಫ್ಟ್‌ವೇರು 1990ರ ಫೆಬ್ರವರಿಯಲ್ಲಿ ಫೋಟೋಶಾಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತೆಂದು ಆ ಪಕ್ಷದವರು ವಾದಿಸುತ್ತಾರೆ. ಒಪ್ಪಿದೆವು. ಆದರೆ ಅದನ್ನು ತೋರಿಸಿ ಮಾರಲು ಜಾನ್ ನೋಲ್ ಬಳಸಿದ ಮೊದಲ ಫೋಟೋ ಎಂಥದು? ಬೋರಾ ಬೋರಾ ದ್ವೀಪದ ಕಡಲ ದಂಡೆಯಲ್ಲಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತ ಜೆನಿಫರ್ ಎಂಬಾಕೆಯದು. ಮುಂದೆ ಆಕೆ ಅವರ ಹೆಂಡತಿಯಾದರು. ಬೆನ್ನು ತೋರಿಸುವ ಫೋಟೋದಲ್ಲಿ ಬಣ್ಣದ ಪ್ರಶ್ನೆ ಇಲ್ಲ, ಮೊಡವೆಯ ಪ್ರಶ್ನೆ ಇಲ್ಲ, ಅತ್ತೆಯಾಗುವವಳ ಪ್ರಶ್ನೆ ಇಲ್ಲ. ವಿದ್ಯೆಯ ಕಠಿಣ ಭಾಗವಾದ ಮುಖವನ್ನು ಅವರು ನಮಗೇ ಬಿಟ್ಟರು.

ಸಿದ್ಧಾಂತ ಹೀಗಿದೆ. ಭೀಮಾ ನದಿಯ ದಂಡೆಯ ಸನ್ನತಿಯ ಹತ್ತಿರ, ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ಒಂದು ಶಿಲಾಫಲಕ ಸಿಕ್ಕಿದೆ. ರಾಜ, ಪಕ್ಕದಲ್ಲಿ ರಾಣಿ, ಸುತ್ತ ಚಾಮರ-ಛತ್ರ ಹಿಡಿದ ಸೇವಕಿಯರು. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ‘ರಾಯೊ ಅಸೋಕೊ’ ಎಂಬ ಹೆಸರು. ಅಶೋಕನ ಹೆಸರನ್ನೇ ಹೊತ್ತ ಅಶೋಕನ ಚಿತ್ರ ಅದು. ಆದರೆ ಅಶೋಕ ಕ್ರಿಸ್ತಪೂರ್ವ ಮೂರನೆಯ ಶತಮಾನದವನು. ಫಲಕ ಕೆತ್ತಿದ್ದು ಅವನು ಹೋಗಿ ಶತಮಾನಗಳಾದ ಮೇಲೆ. ಕೆತ್ತಿದವನು ಅಶೋಕನನ್ನು ನೋಡಿರಲಿಲ್ಲ, ಅವನ ಮುತ್ತಜ್ಜನೂ ನೋಡಿರಲಿಲ್ಲ. ಗಿರಾಕಿ ಎದುರಿಗೆ ಇಲ್ಲ, ಸ್ಯಾಂಪಲ್ ಫೋಟೋ ಇಲ್ಲ, ಡೆಲಿವರಿಗೆ ಮಾತ್ರ ತಾರೀಖು ಇದೆ. ಅಂಥ ಹೊತ್ತಿನಲ್ಲಿ ನಮ್ಮ ಜಿಲ್ಲೆಯ ಕಲಾವಿದ ಮಾಡಿದ್ದೇನು? ಒಳ್ಳೆಯ ಮೈಕಟ್ಟು, ಒಳ್ಳೆಯ ಆಭರಣ ಹಾಕಿ, ಕೆಳಗೋ ಮೇಲೋ ಹೆಸರು ಬರೆದುಬಿಟ್ಟ. ಇಂದಿಗೂ ಊರ ತುಂಬ ನಿಲ್ಲುವ ಫ್ಲೆಕ್ಸುಗಳಲ್ಲಿ ಮುಖದ ಕೆಳಗೆ ಹೆಸರು ಹಾಕುವುದು ಇದೇ ಕಾರಣಕ್ಕೆ. ಹೆಸರಿಲ್ಲದಿದ್ದರೆ ಸ್ವಂತ ಮನೆಯವರಿಗೂ ಗುರುತು ಹತ್ತುವುದಿಲ್ಲ.

ಕ್ಲೋನ್ ಸ್ಟಾಂಪ್ ಎಂಬ ಸಾಧನದ ಮೂಲವೂ ಇಲ್ಲೇ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಮಾಡನ್ನು ನೋಡಿ: ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದೇ ನಮೂನೆಯ ಹತ್ತಾರು ಸಣ್ಣವು. ಒಂದನ್ನು ಮಾಡಿ ಉಳಿದವನ್ನೆಲ್ಲ ಆಲ್ಟ್ ಒತ್ತಿ ಅಂಟಿಸಿದ್ದಾರೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನಿಜಾಮರ ಕಾಲಕ್ಕೆ ಬಂದರೆ ರಾಜಾ ದೀನ್ ದಯಾಳರು ಸಿಗುತ್ತಾರೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ. ಪರದೆಯ ಹೆಂಗಸರಿಗೆಂದೇ 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದವರು. ಆ ಕಾಲದ ಸ್ಟುಡಿಯೋಗಳಲ್ಲಿ ಗಾಜಿನ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಸುಕ್ಕು ಮುಚ್ಚುವುದು ದಿನದ ಕೆಲಸವಾಗಿತ್ತು. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿ ಪೆನ್ಸಿಲಿನಿಂದ ಕಪ್ಪು ಮಾಡಿದರೆ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಕಪ್ಪು ಬಳಿದು ಬಿಳಿ ಪಡೆಯುವ ಈ ಯೋಗವಿದ್ಯೆ ಮುಂದೆ ಲೆಕ್ಕಪತ್ರದ ಶಾಖೆಗಳಿಗೂ ಹಬ್ಬಿತೆಂದು ಕೇಳಿದ್ದೇನೆ, ಅದು ಬೇರೆ ಗ್ರಂಥದ ವಿಷಯ.

ಆಧುನಿಕ ಯುಗದ ಆಚಾರ್ಯರು ಎಸ್.ಎಂ. ಪಂಡಿತರು. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರ್ ಬರೆದು, ಆಮೇಲೆ ಅದೇ ಕೈಯಿಂದ ದೇವಾನುದೇವತೆಗಳ ಕ್ಯಾಲೆಂಡರ್ ಬರೆದವರು. ಅವರ ಕುಂಚದಲ್ಲಿ ಪುರಾಣಪುರುಷರಿಗೆ ಸಿನಿಮಾದ ಬೆಳಕು, ಗರಡಿಮನೆಯ ಭುಜ, ಪನ್ನೀರು ಚಿಮುಕಿಸಿದ ಮೈ ಬಂತು. ಆ ಕ್ಯಾಲೆಂಡರುಗಳು ಹಬ್ಬಿದ ಮೇಲೆ ಮನುಷ್ಯರಿಗೆ ಸಂಕಟ ಶುರುವಾಯಿತು. ಗೋಡೆಯ ಒಂದು ಮೊಳೆಗೆ ಪಂಡಿತರ ಕೃಷ್ಣ, ಪಕ್ಕದ ಮೊಳೆಗೆ ನಮ್ಮ ಕಾಕಾನ ಲಗ್ನದ ಫೋಟೋ. ಎರಡನ್ನೂ ದಿನಾ ನೋಡಿದವರಿಗೆ ಕಾಕಾನಲ್ಲಿ ಏನೋ ಕಡಿಮೆಯಾಗಿದೆ ಎನ್ನಿಸದೆ ಇದ್ದೀತೇ? ಪಂಡಿತರ ಹೆಸರಿನ ರಂಗಮಂದಿರ ಊರಲ್ಲಿದೆ. ಅವರಿಂದಾಗಿ ಹುಟ್ಟಿದ ಅತೃಪ್ತಿಗೆ ಮಾತ್ರ ಖೂಬಾ ಪ್ಲಾಟಿನ ಕಂಪ್ಯೂಟರುಗಳೇ ಮದ್ದು ಅರೆಯಬೇಕಾಗಿದೆ.

ಷಡಂಗ ವಿಚಾರ

ಕಾಮಸೂತ್ರಕ್ಕೆ ‘ಜಯಮಂಗಲಾ’ ವ್ಯಾಖ್ಯಾನ ಬರೆದ ಯಶೋಧರ ಚಿತ್ರಕ್ಕೆ ಆರು ಅಂಗ ಹೇಳಿದ್ದಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ರೂಪಭೇದವೆಂದರೆ ಹಿಂದಿನ ಗೋಡೆಯಿಂದ ಆಳನ್ನು ಬೇರ್ಪಡಿಸಿ ಬಿಳಿ ಬ್ಯಾಕ್‌ಗ್ರೌಂಡ್ ಹಾಕುವುದು. ಪ್ರಮಾಣವೆಂದರೆ ರಿಸೈಜ್. ಭಾವವೆಂದರೆ ‘ಥೋಡೆ ನಗ್ರಿ ಸರ್’. ಲಾವಣ್ಯಯೋಜನೆ ಎಂದರೆ ಫೇಸ್ ಕ್ಲೀನ್. ಸಾದೃಶ್ಯವೆಂದರೆ ಚಿತ್ರವು ಆ ಮನುಷ್ಯನನ್ನು ಹೋಲಬೇಕು ಎಂಬುದು. ಖೂಬಾ ಸಂಪ್ರದಾಯ ಆರರಲ್ಲಿ ಇದೊಂದನ್ನು ಕೈಬಿಟ್ಟಿದೆ.

ವರ್ಣಿಕಾಭಂಗವೆಂದರೆ ಬಣ್ಣದ ಕೈಚಳಕ, ಇದರಲ್ಲಿ ಸ್ವಲ್ಪ ನಿಲ್ಲಬೇಕು. ಕಂಪ್ಯೂಟರ್ ಪ್ರತಿ ಚುಕ್ಕೆಯ ಬೆಳಕನ್ನು ಸೊನ್ನೆಯಿಂದ 255ರವರೆಗೆ ಎಣಿಸುತ್ತದೆ. ಸೊನ್ನೆ ಎಂದರೆ ಕಗ್ಗತ್ತಲು, 255 ಎಂದರೆ ಅಚ್ಚ ಬಿಳಿ. ಯಾವ ಬೆಳಕಿನವು ಎಷ್ಟು ಚುಕ್ಕೆ ಇವೆಯೆಂದು ತೋರಿಸುವ ಗುಡ್ಡದಂಥ ಚಿತ್ರವೇ ಹಿಸ್ಟೋಗ್ರಾಂ. ಮೇ ತಿಂಗಳ ಮಧ್ಯಾಹ್ನ ಕೋಟೆಯ ಮುಂದೆ ತೆಗೆಸಿಕೊಂಡ ಫೋಟೋದಲ್ಲಿ ಆ ಗುಡ್ಡವೆಲ್ಲ ಬಲಗಡೆಯ ಗೋಡೆಗೆ ಒತ್ತಿಕೊಂಡಿರುತ್ತದೆ, ಬೇವಿನ ನೆರಳಿಗೆ ಒತ್ತಿಕೊಂಡ ಎಮ್ಮೆಗಳ ಹಾಗೆ. 255ಕ್ಕೆ ಹೋಗಿ ತಾಗಿದ ಚುಕ್ಕೆಯಲ್ಲಿ ಮುಖವೂ ಇಲ್ಲ, ಅಂಗಿಯೂ ಇಲ್ಲ, ಬರೀ ಬಿಳಿ. ಎಷ್ಟು ಕತ್ತಲು ಸುರಿದರೂ ಅದು ಬೂದು ಬಣ್ಣದ ಹಿಟ್ಟಾಗುತ್ತದೆಯೇ ಹೊರತು ಮೂಗು ಮರಳಿ ಮೂಡುವುದಿಲ್ಲ. ಸೀದ ರೊಟ್ಟಿಯನ್ನು ನೀರಲ್ಲಿ ತೊಳೆದಂತೆ. ಆದ್ದರಿಂದ ಬಲ್ಲವರು ಲೆವೆಲ್ಸ್ ಎಂಬ ಪೆಟ್ಟಿಗೆ ತೆರೆದು ನಡುವಿನ ಬಾಣವನ್ನು ಮಾತ್ರ ಮೆಲ್ಲಗೆ ಎಡಕ್ಕೆ ಜಗ್ಗುತ್ತಾರೆ. ನಡುಬಣ್ಣ ತಿಳಿಯಾಗುತ್ತದೆ, ಬಿಳಿ-ಕಪ್ಪು ತಮ್ಮ ಜಾಗ ಬಿಡುವುದಿಲ್ಲ. ಬ್ರೈಟ್‌ನೆಸ್ ಒಂದನ್ನೇ ಏರಿಸುವುದು ಅಡಿಗೆ ಬಾರದವನು ಉಪ್ಪೇ ಸುರಿದ ಹಾಗೆ ಎಂದು ವಕ್ತೃವಿನ ಮತ.

ಬಣ್ಣದ ಶುದ್ಧಿಗೆ ನಮ್ಮ ಜಿಲ್ಲೆ ಜಗತ್ತಿಗೇ ಒಂದು ಕಾಣಿಕೆ ಕೊಟ್ಟಿದೆ. ಅದನ್ನು ಇದುವರೆಗೆ ಯಾರೂ ಗುರುತಿಸಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋ ಹಸಿರು ಹೊಡೆಯುತ್ತದೆ, ಹಳೆಯ ಬಲ್ಬಿನ ಕೆಳಗೆ ತೆಗೆದದ್ದು ಅರಿಸಿನ. ಸರಿಮಾಡಲು ಫೋಟೋದಲ್ಲಿ ಬಣ್ಣವೇ ಇಲ್ಲದ ಒಂದು ಬೂದು ಜಾಗ ಹುಡುಕಿ ಅಲ್ಲಿ ಕ್ಲಿಕ್ ಮಾಡಬೇಕು. ಅದನ್ನು ಬೂದು ಎಂದು ನಂಬಿ ಸಾಫ್ಟ್‌ವೇರು ಉಳಿದದ್ದನ್ನು ಹೊಂದಿಸಿಕೊಳ್ಳುತ್ತದೆ. ಪಾಶ್ಚಾತ್ಯರು ಇದಕ್ಕೆಂದೇ ಬೂದು ಕಾರ್ಡನ್ನು ದುಡ್ಡು ಕೊಟ್ಟು ಕೊಂಡು ಚೀಲದಲ್ಲಿ ಹೊತ್ತು ತಿರುಗುತ್ತಾರೆ. ನಮ್ಮಲ್ಲಿ ಮನೆಮನೆಯ ನೆಲಕ್ಕೂ ಶಹಾಬಾದ್ ಕಲ್ಲು. ಯಾವ ಫೋಟೋ ತಗೊಂಡರೂ ಕಾಲ ಕೆಳಗೆ ಬೂದು ಕಾರ್ಡ್ ಹಾಸಿಯೇ ಇರುತ್ತದೆ. ಹುಡುಗ ಕಲ್ಲಿನ ಮೇಲೆ ಕ್ಲಿಕ್ ಮಾಡಿದ. ಅರಿಸಿನದ ಮುತ್ತೈದೆಯರೆಲ್ಲ ಒಮ್ಮೆಗೇ ಮನುಷ್ಯರ ಬಣ್ಣಕ್ಕೆ ಬಂದರು. ಇತ್ತೀಚೆಗೆ ಟೈಲ್ಸ್ ಹಾಕಿಸಿದ ಮನೆಯವರ ಫೋಟೋಗಳು ಸರಿಯಾಗುವುದು ಕಷ್ಟವೆಂದು ಅವನ ಅನುಭವ.

ಇಷ್ಟು ಮಾಡಿ ನಿಜದ ಬಣ್ಣ ಬಂದರೆ ಗಿರಾಕಿಗೆ ಸಮಾಧಾನವಿಲ್ಲ. ಇಲ್ಲಿ ಮೈಬಣ್ಣಕ್ಕೆ ಮೂರು ಸ್ಥಾನ: ಜ್ವಾರಿ ರೊಟ್ಟಿ, ತೊಗರಿಬ್ಯಾಳಿ, ಮೈದಾ. ನೌಕರಿ ಅರ್ಜಿಯ ಫೋಟೋ ರೊಟ್ಟಿಯಲ್ಲಿದ್ದರೂ ನಡೆಯುತ್ತದೆ. ಬೀಗರಿಗೆ ಕಳಿಸುವ ಗಂಡಿನ ಫೋಟೋ ಬ್ಯಾಳಿಗೆ ಏರಬೇಕು. ಹೆಣ್ಣಿನದು ನೇರ ಮೈದಾಕ್ಕೆ. ಕಲಬುರಗಿಯ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಅದರ ಬಣ್ಣದ ಗಂಡುಗಳಿಗೆ ಅಂಥ ರಕ್ಷಣೆ ಇನ್ನೂ ಸಿಕ್ಕಿಲ್ಲ. ಒಬ್ಬ ತಾಯಿ ಮಗಳ ಫೋಟೋ ಕೊಟ್ಟು ಹೇಳಿದ್ದನ್ನು ಬರೆದುಕೊಂಡಿದ್ದೇನೆ: “ಬೆಳ್ಳಗ ಮಾಡಪ್ಪಾ, ಆದ್ರ ಬೆಳ್ಳಗ ಮಾಡೀರಿ ಅಂತ ಕಾಣಬಾರ್ದು ನೋಡು.” ಅಲಂಕಾರಶಾಸ್ತ್ರದ ದೊಡ್ಡ ದೊಡ್ಡ ಗ್ರಂಥಗಳು ನೂರು ಪುಟದಲ್ಲಿ ಹೇಳುವುದನ್ನು ಆಕೆ ಕೌಂಟರಿಗೆ ಮೊಣಕೈ ಊರಿ ಒಂದೇ ಮಾತಿನಲ್ಲಿ ಮುಗಿಸಿದಳು. ‘ಕವಿರಾಜಮಾರ್ಗ’ ಹುಟ್ಟಿದ ಮಳಖೇಡ ಇದೇ ಜಿಲ್ಲೆಯದೆಂಬುದನ್ನು ಇಲ್ಲಿ ನೆನೆಯಬೇಕು.

ಲಾವಣ್ಯಯೋಜನೆಯಲ್ಲಿ ಒಂದು ಅಪಾಯ ಉಂಟು. ಹೀಲಿಂಗ್ ಬ್ರಷ್ ಎಂಬ ಸಾಧನ 2002ರ ಫೋಟೋಶಾಪ್ 7ರಲ್ಲಿ ಬಂತು. ಪಕ್ಕದ ಚರ್ಮದ ನೇಯ್ಗೆಯನ್ನು ತಂದು, ಅಲ್ಲಿಯ ಬೆಳಕಿಗೆ ಹೊಂದಿಸಿ, ಕಲೆಯ ಮೇಲೆ ಹಾಸುತ್ತದೆ. ಅದಕ್ಕೆ ಮೊಡವೆಗೂ ಭಕ್ತಿಗೂ ಭೇದ ತಿಳಿಯದು. ಶರಣಬಸವೇಶ್ವರರ ಗುಡಿಯಿಂದ ನೇರ ಬಂದ ಹಿರಿಯರೊಬ್ಬರ ಹಣೆಯನ್ನು ಹುಡುಗ ಭರಭರನೆ ಸವರಿದ. ಸುಕ್ಕಿನ ಜೊತೆ ಮೂರೂ ಎಳೆ ವಿಭೂತಿ ಮಾಯ. ಹಿರಿಯರು ಪರದೆಯನ್ನು ನೋಡಿ ಮಾತಾಡದೆ ಹಣೆ ಮುಟ್ಟಿಕೊಂಡರು. ಹುಡುಗ ಬೆವರಿ, ಬಿಳಿ ಬ್ರಷ್ ತೆಗೆದುಕೊಂಡು ಶಿಫ್ಟ್ ಒತ್ತಿ ಮೂರು ಗೆರೆ ಎಳೆದ. ಸ್ಕೇಲ್ ಇಟ್ಟು ಹಾಕಿದಂಥ ವಿಭೂತಿ ಕಂಡರೆ ಓದುಗರು ಅದರ ಇತಿಹಾಸವನ್ನು ಊಹಿಸಿಕೊಳ್ಳಬಹುದು.

ಕಮಲಾಪುರದ ಬಾಳೆಹಣ್ಣಿನ ದೃಷ್ಟಾಂತ

ಹುಮನಾಬಾದ ರಸ್ತೆಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದದ್ದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು ಅದು. ಅಲ್ಲಿಯ ನಮ್ಮ ಬೀಗರೊಬ್ಬರು ಬಾಳೆಗೊನೆ ಹಿಡಿದು ನಿಂತ ಫೋಟೋ ತಂದರು. ಡಬ್ಬಿಯ ಮೇಲೆ ಅಂಟಿಸುವ ಲೇಬಲ್ ಬೇಕಿತ್ತು. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಪಿಕಾಸಾ ಇನ್ನೂ ಉಳಿದಿದೆ. ಗೂಗಲ್ ಅದನ್ನು 2016ರಲ್ಲಿ ಕೈಬಿಟ್ಟಿತು, ಖೂಬಾ ಪ್ಲಾಟ್ ಬಿಟ್ಟಿಲ್ಲ. ಅದರಲ್ಲಿ ‘ಐ ಆಮ್ ಫೀಲಿಂಗ್ ಲಕ್ಕಿ’ ಎಂಬ ಗುಂಡಿ ಇದೆ. ಒತ್ತಿದರೆ ಬೆಳಕು, ಬಣ್ಣ ಎಲ್ಲ ತಾನೇ ಸರಿಮಾಡುತ್ತದೆ. ನಸೀಬು ನಂಬಿ ಬಟನ್ ಒತ್ತುವ ಈ ಪದ್ಧತಿಯನ್ನು ದೈವವಾದ ಎನ್ನಬಹುದು, ಒಂದೊಂದೇ ಬಾಣ ಜಗ್ಗುವುದನ್ನು ಕರ್ಮವಾದ.

ಹುಡುಗ ದೈವವಾದಿಯಾದ. ಯಂತ್ರದ ತರ್ಕ ಹೀಗೆ: ಚಿತ್ರದಲ್ಲಿ ಒಂದೇ ಬಣ್ಣ ಮೇರೆ ಮೀರಿ ಇದ್ದರೆ ಅದು ಬೆಳಕಿನ ದೋಷ, ಕಡಿಮೆ ಮಾಡಬೇಕು. ಫೋಟೋ ತುಂಬ ಕೆಂಪು. ಯಂತ್ರ ಕೆಂಪನ್ನು ರೋಗವೆಂದು ತಿಳಿದು ಇಳಿಸಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಮಲಾಪುರದ ಕೆಂಪು ಬಾಳೆ ಯಾವ ಊರಿನದೂ ಅಲ್ಲದ ಮಾಸಲು ಹಣ್ಣಾಗಿ ನಿಂತಿತು.

“ಏನ್ ಮಾಡಿದಿ ತಮ್ಮಾ ಇದು! ಇದು ನಮ್ಮ ಹಣ್ಣs ಅಲ್ಲ,” ಎಂದರು ಬೀಗರು.

“ಕಲರ್ ಕರೆಕ್ಟ್ ಆಗ್ಯಾದ್ರಿ.”

“ಕರೆಕ್ಟ್ ಅದಾನs ಕೆಂಪು ಇರೋದು. ಹಿಂದಕ್ ತಗೋ.”

ಕಂಟ್ರೋಲ್ ಜೆಡ್ ಒತ್ತಿದ ಕೂಡಲೇ ಹಣ್ಣಿಗೆ ಜೀವ ಬಂತು. ಬೀಗರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು: “ಹಣ್ಣು ಇದ್ದಂಗs ಇರ್ಲಿ. ನಮ್ಮ ಮಾರಿ ಅಷ್ಟ ಥೋಡೆ ಬೆಳ್ಳಗ ಮಾಡು.” ಒಂದೇ ಚೌಕಟ್ಟಿನಲ್ಲಿ ಹಣ್ಣಿಗೆ ಸಾದೃಶ್ಯ, ಹಿಡಿದವರಿಗೆ ಲಾವಣ್ಯ. ಇದನ್ನು ಶಾಸ್ತ್ರದಲ್ಲಿ ‘ಸೆಲೆಕ್ಷನ್’ ಎನ್ನುತ್ತಾರೆ.

ಕ್ರಾಪ್ ಮತ್ತು ದಾಯಭಾಗದ ಪ್ರಶ್ನೆ

ಗ್ರೂಪ್ ಫೋಟೋ ಎಂಬುದು ಅವಿಭಕ್ತ ಕುಟುಂಬ, ಕ್ರಾಪ್ ಎಂಬುದು ಹಿಸ್ಸೆ. ಇದನ್ನು ಹೇಳಲು ಈ ಜಿಲ್ಲೆಯವರಿಗೆ ವಿಶೇಷ ಹಕ್ಕಿದೆ: ಹಿಂದೂ ದಾಯಭಾಗಕ್ಕೆ ಶತಮಾನಗಳಿಂದ ಆಧಾರವಾದ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಶಹಾಬಾದ್ ಹತ್ತಿರದ ಮರ್ತೂರಿನವನೆಂದು ಪ್ರತೀತಿ. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಫೋಟೋದಲ್ಲಿಯೂ ಹಾಗೇ. ಚೌಕಟ್ಟಿನೊಳಗೆ ಒಮ್ಮೆ ನಿಂತವನನ್ನು ಹೊರಹಾಕಲು ಸುಲಭವಿಲ್ಲ. ಹಾಕಿದರೂ ಅವನ ಮೊಣಕೈ ಉಳಿಯುತ್ತದೆ. ಮೊಣಕೈಯನ್ನೂ ಅಳಿಸಿದರೆ ಪಕ್ಕದವನ ಹೆಗಲ ಮೇಲಿನ ಅವನ ಕೈ ಉಳಿಯುತ್ತದೆ, ಮಣಿಕಟ್ಟಿನವರೆಗೆ, ಗಡಿಯಾರ ಸಮೇತ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಬಂದಿರುವುದರಿಂದ, ಲಗ್ನವಾಗಿ ಹೋದಳೆಂದು ಅಕ್ಕನನ್ನು ಅಂಚಿನಿಂದ ಕತ್ತರಿಸುವುದು ಈಗ ಊರ್ಜಿತವಲ್ಲ.

‘ಮಿತಾಕ್ಷರ’ ಎಂಬ ಹೆಸರಿಗೇ ಕಡಿಮೆ ಅಕ್ಷರದ್ದು ಎಂದು ಅರ್ಥ. ನೌಕರಿ ಅರ್ಜಿಗಳಲ್ಲಿ ‘ಫೋಟೋ 50 ಕೆಬಿ ಒಳಗಿರಬೇಕು’ ಎಂದು ಬರೆದಾಗಲೆಲ್ಲ ನನಗೆ ವಿಜ್ಞಾನೇಶ್ವರ ನೆನಪಾಗುತ್ತಾನೆ. 1992ರಲ್ಲಿ ಮಾನದಂಡವಾದ ಜೆಪೆಗ್ ಪದ್ಧತಿ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಯ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಬಿಟ್ಟುಕೊಡುತ್ತದೆ. ಬಿಟ್ಟದ್ದು ಮರಳಿ ಬರುವುದಿಲ್ಲ. ತಿದ್ದಿ ಸೇವ್, ಮತ್ತೆ ತಿದ್ದಿ ಸೇವ್ ಮಾಡುತ್ತ ಹೋದರೆ ಬಂಡೆಗೆ ಬಡಿದೂ ಬಡಿದೂ ಒಗೆದ ಸೀರೆಯಾಗುತ್ತದೆ. ಅರ್ಜಿ ಹಾಕಲು ಬಂದ ಹುಡುಗನೊಬ್ಬನ ಫೋಟೋ 50 ಕೆಬಿಗೆ ಇಳಿಯುವ ಹೊತ್ತಿಗೆ ಕೆನ್ನೆ ತುಂಬ ಚೌಕಳಿ ಬಂದಿತ್ತು. ಆಗ ಜಾಲತಾಣ ‘20 ಕೆಬಿಗಿಂತ ಕಡಿಮೆ ಇರಬಾರದು’ ಎಂದಿತು. 35ಕ್ಕೆ 45 ಮಿಲಿಮೀಟರಿನ ಮನುಷ್ಯ ಇಷ್ಟರ ಮೇಲೆ ಇರಬಾರದು, ಇಷ್ಟಕ್ಕಿಂತ ಕೆಳಗೂ ಇರಬಾರದು. ಬುದ್ಧ ವಿಹಾರವಿರುವ ಊರಿನಲ್ಲಿ ಮಧ್ಯಮ ಮಾರ್ಗವನ್ನು ಹೀಗೂ ಕಲಿಸಲಾಗುತ್ತದೆ.

ನೀಲಿ ಕೋಟು, ಮತ್ತು ಫ್ಲಿಪ್ ದೋಷ

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಇಷ್ಟು ಜನ ಕೋಟು ತೊಟ್ಟ ಫೋಟೋ ಯಾಕಿದೆ? ಉತ್ತರ ಕಂಪ್ಯೂಟರಿನ ‘ಡಿ’ ಡ್ರೈವಿನಲ್ಲಿದೆ. ಅಲ್ಲಿ ಒಂದು ನೀಲಿ ಕೋಟಿನ ಫೈಲು ಇದೆ, ತಲೆಯಿಲ್ಲದ್ದು, ಕೆಂಪು ಟೈ ಸಮೇತ, ಎಡ ಎದೆಯ ಕಿಸೆಯಲ್ಲಿ ಮಡಚಿಟ್ಟ ಬಿಳಿ ಕರವಸ್ತ್ರ. ಗಿರಾಕಿ ಅಂಗಿಯಲ್ಲಿ ಬಂದರೂ ಬನಿಯನ್ನಿನಲ್ಲಿ ಬಂದರೂ ಕತ್ತಿನ ಮೇಲಿನದನ್ನು ಕತ್ತರಿಸಿ ಅದರ ಮೇಲೆ ಕೂರಿಸಲಾಗುತ್ತದೆ. ಬ್ಯಾಂಕಿನ ಸಾಲಕ್ಕೂ ಅದೇ ಕೋಟು, ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸಿಗೂ ಅದೇ, ಭಾವಪೂರ್ಣ ಶ್ರದ್ಧಾಂಜಲಿಗೂ ಅದೇ. ಎಷ್ಟು ಜನ ತೊಟ್ಟರೂ ಬೆವರಿನ ಕಲೆ ಬಿದ್ದಿಲ್ಲ. ಇದನ್ನು ಹೀಗಳೆಯುವವರು ಅಬ್ರಹಾಂ ಲಿಂಕನ್ನರ ಒಂದು ಪ್ರಸಿದ್ಧ ಮುದ್ರಿತ ಚಿತ್ರವನ್ನು ನೋಡಬೇಕು: ತಲೆ ಮಾತ್ರ ಲಿಂಕನ್ನರದು, ನಿಂತ ದೇಹ ಜಾನ್ ಕ್ಯಾಲ್‌ಹೂನರದು. ಕ್ಯಾಲ್‌ಹೂನ್ ಗುಲಾಮಗಿರಿಯ ಕಟ್ಟಾ ಸಮರ್ಥಕ. ನಮ್ಮ ಕೋಟಿಗೆ ಅಂಥ ರಾಜಕೀಯವಿಲ್ಲ.

ಎಲ್ಲ ದೋಷಗಳಲ್ಲಿ ಹೀನಾಯವಾದದ್ದು ಫ್ಲಿಪ್. ಚಿತ್ರವನ್ನು ಕನ್ನಡಿಯಂತೆ ಎಡಬಲ ಮಗುಚುವುದು. ಗಂಡ ಈ ಕಡೆ, ಹೆಂಡತಿ ಆ ಕಡೆ ಮುಖ ಮಾಡಿದ್ದರೆ ಹುಡುಗರು ಸುಲಭಕ್ಕೆ ಒಬ್ಬರನ್ನು ಮಗುಚಿಬಿಡುತ್ತಾರೆ. ಬಲಗೆನ್ನೆಯ ಮಚ್ಚೆ ಎಡಕ್ಕೆ ಹೋಗುತ್ತದೆ, ಬೈತಲೆ ದಿಕ್ಕು ಬದಲಿಸುತ್ತದೆ, ಹಿಂದಿನ ಬೋರ್ಡಿನ ಅಕ್ಷರ ಉಲ್ಟಾ ಆಗುತ್ತದೆ. ಅಡ್ಡ ಎಳೆದ ವಿಭೂತಿಗೆ ಮಾತ್ರ ಏನೂ ಆಗುವುದಿಲ್ಲ, ಶರಣರು ಮುಂದಾಲೋಚನೆಯುಳ್ಳವರು. ಹೆಣ್ಣಿನ ಕಡೆಯ ಒಬ್ಬ ಚಾಲಾಕಿ ಕಾಕಾ ಗಂಡಿನ ಫೋಟೋ ನೋಡಿದ ಕೂಡಲೇ ಮೋಸ ಹಿಡಿದದ್ದನ್ನು ನಾನೇ ಬಲ್ಲೆ: “ಕಿಸೆ ಎಡಕ್ಕಿರಬೇಕು, ಇಂವಂದು ಬಲಕ್ಕದ. ಏನೋ ಮುಚ್ಚಿಟ್ಟಾರ.” ಅವರು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಆದರೂ ಆ ಸಂಬಂಧ ಕೂಡಲಿಲ್ಲ. ಆದ್ದರಿಂದ ಈ ಗ್ರಂಥದ ಏಕೈಕ ವಿಧಿವಾಕ್ಯ: ಬೆಳ್ಳಗೆ ಮಾಡು, ಕತ್ತರಿಸು, ಕೋಟು ತೊಡಿಸು; ಮನುಷ್ಯನನ್ನು ಮಗುಚಬೇಡ.

ಮುತ್ಯಾನ ಪ್ರಕರಣ

ನಮ್ಮ ಮುತ್ಯಾ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದ ಮನುಷ್ಯ. ಸಿಕ್ಕಿದ್ದು ಒಂದೇ ಫೋಟೋ, ಕಮಲಾಪುರದಲ್ಲಿ ಒಂದು ಲಗ್ನದಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಹಿಂದಿನ ಸಾಲಿನಲ್ಲಿ ಮೂರನೆಯವನು, ತಲೆಗೆ ರುಮಾಲು, ಮುಖ ಒಂದು ಪಕ್ಕಕ್ಕೆ, ಕಣ್ಣು ಮುಚ್ಚಿದೆ, ಹೆಗಲ ಮೇಲೆ ಯಾರದೋ ಕೈ. ತೆಗೆದ ಮೊಬೈಲು ಈಗ ಇಲ್ಲ. ಮನೆಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಹುಡುಕಿದರೆ ಮಸುಕು ಚೌಕ ಕಾಣುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಪೆನ್‌ಡ್ರೈವಿನಲ್ಲಿ ನಾನು ಇಟ್ಟುಕೊಂಡಿದ್ದ ಒಂದು ಪ್ರತಿಯೇ ಸರ್ವಸ್ವ. ಅದನ್ನೇ ಅಂಗಡಿಗೆ ಕೊಟ್ಟಿದ್ದು.

ಮೂರನೆಯ ದಿನ ಪರದೆಯ ಮೇಲೆ ಮುತ್ಯಾ ಕಾಣಿಸಿಕೊಂಡ. ಹೆಗಲ ಮೇಲಿನ ಕೈ ಎಷ್ಟು ತಿಕ್ಕಿದರೂ ಹೋಗಲಿಲ್ಲವಂತೆ, ಅದಕ್ಕೇ ಕೋಟು ತೊಡಿಸಿದ್ದ. ನೀಲಿಯದು. ಕಣ್ಣು ತೆರೆದಿದ್ದವು.

“ಕಣ್ಣು ಎಲ್ಲಿಂದ ತಂದಿ ತಮ್ಮಾ?”

“ಬಾಜೂಕ್ಕ ನಿಂತವರ್ದು ಹಾಕೀನ್ರಿ. ಲೈಟ್ ಸೇಮ್ ಇತ್ತು.”

ಬಾಜೂಕ್ಕೆ ನಿಂತವರು ನಮ್ಮಪ್ಪ. ಮಗನ ಕಣ್ಣು ತಂದೆಗೆ. ವಂಶವಾಹಿಯ ದೃಷ್ಟಿಯಿಂದ ಆಕ್ಷೇಪಿಸುವಂಥದ್ದಲ್ಲವಾದರೂ ಮಿತಾಕ್ಷರದಲ್ಲಿ ಆಸ್ತಿ ಈ ದಿಕ್ಕಿಗೆ ಹರಿಯುವುದಿಲ್ಲ. ಬಣ್ಣ ರೊಟ್ಟಿಯಿಂದ ಮೈದಾಕ್ಕೆ ಏರಿತ್ತು. ಜೀವಮಾನವಿಡೀ ಹೊಲದ ಬಿಸಿಲುಂಡ ಮುಖ.

“ಇದನ್ನೆಲ್ಲ ತಗದು ಮೊದಲಿಂದೇ ತೋರ್ಸು.”

ಹುಡುಗ ಮೌಸ್ ಬಿಟ್ಟ. ಮೂರು ದಿನದಲ್ಲಿ ಅವನು ಮೌಸ್ ಬಿಟ್ಟದ್ದು ಅದೇ ಮೊದಲು.

“ಅದರ ಮ್ಯಾಲೇ ಸೇವ್ ಆಗ್ಯಾದ್ರಿ ಸರ್.”

ಕಂಟ್ರೋಲ್ ಎಸ್ ಒತ್ತಿದರೆ ಹೊಸದು ಹಳೆಯದರ ಮೇಲೆ ಕೂರುತ್ತದೆ. ‘ಸೇವ್ ಆ್ಯಸ್’ ಎಂದು ಬೇರೆ ಹೆಸರು ಕೊಟ್ಟರೆ ಎರಡೂ ಉಳಿಯುತ್ತವೆ. ಇಡೀ ಶಾಸ್ತ್ರದಲ್ಲಿ ಮೊದಲು ಹೇಳಬೇಕಾದ ಸೂತ್ರ ಇದು. ನಾನು ಗ್ರಂಥದ ಕೊನೆಗೆ ಇಟ್ಟಿದ್ದೇನೆ, ಗೊತ್ತಾದದ್ದೇ ಆಗ.

ಗಾಜು, ಬಂಗಾರ ಬಣ್ಣದ ಕಟ್ಟು ಹಾಕಿಸಿ ಮನೆಗೆ ಒಯ್ದೆ. ಆಯಿ ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದಳು. ಬಹಳ ಹೊತ್ತು ನೋಡಿದಳು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

“ಲಗ್ನದಾಗ ಕೋಟ್ ಬೇಕಂದಿದ್ರು ನಿಮ್ಮ ಮುತ್ಯಾ. ನಮ್ಮಪ್ಪಗ ಕೊಡ್ಸಲಾಕ ಆಗಿದ್ದಿಲ್ಲ,” ಎಂದಳು. ಆಮೇಲೆ ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ ಹೋದಳು. “ಕಣ್ಣು ನನ್ನ ಮಗಂದು. ಬಣ್ಣ ಯಾರ್ದೋ ಏನೋ. ಕಿವಿ ಅವರ್ದೇ ಅದ ನೋಡು.”

ಹೌದು, ಕಿವಿಯನ್ನು ಹುಡುಗ ಮುಟ್ಟಿರಲಿಲ್ಲ. ರುಮಾಲಿನ ಕೆಳಗೆ ಒಂದೇ ಕಿವಿ, ಅಗಲವಾದದ್ದು, ಅಂಚಿನಲ್ಲಿ ಕೂದಲು ಸಮೇತ.

“ಈ ಕಿವ್ಯಾಗ ಎಷ್ಟ್ ಹೇಳೀನಿ ಜೀವಾ ಇರೋತನ. ಒಂದರ ಕೇಳ್ಯಾರೇನು? ಅಡಗಿಮನಿ ಕಡೆ ಕಿವಿ ಬರೂಹಂಗ ತೂಗಹಾಕ್ರಿ. ಇನ್ನ ಮ್ಯಾಲರೆ ಕೇಳ್ಲಿ.”

ಮೊಳೆ ಇದ್ದದ್ದು ಪಡಸಾಲೆಯ ಬಲಗೋಡೆಗೆ, ಅಡಿಗೆಮನೆ ಎಡಕ್ಕೆ. ಹೇಗೆ ತೂಗುಹಾಕಿದರೂ ಮುತ್ಯಾನ ಕಿವಿ ಬೀದಿಯ ಕಡೆಗೇ ಬರುತ್ತಿತ್ತು. ಎದುರು ಗೋಡೆಯಲ್ಲಿ ಕಿಟಕಿ. ಮರುದಿನ ಬೆಳಿಗ್ಗೆ ಫ್ರೇಮು ಕಂಕುಳಲ್ಲಿಟ್ಟುಕೊಂಡು ಮತ್ತೆ ಖೂಬಾ ಪ್ಲಾಟಿಗೆ ಹೋಗಿ ಅದೇ ಬೆಂಚಿನ ಮೇಲೆ ಕೂತೆ. ಹುಡುಗ ಏನು ಮಾಡಬೇಕೆಂದು ಕೇಳಿದ. ಹೇಳಿದೆ. ಅವನು ನನ್ನ ಮುಖವನ್ನು ಒಮ್ಮೆ ನೋಡಿ, ಮಾತಾಡದೆ ಎಡಿಟ್ ಮೆನು ತೆರೆದ.

ನಮ್ಮ ಮುತ್ಯಾನ ಕೋಟಿನ ಕಿಸೆ ಈಗ ಬಲಕ್ಕಿದೆ.